ಡೆನ್ಮಾರ್ಕಿನ ಕಾಗದದ ಹೃದಯ: ಇಷ್ಟು ಬಿಗಿಯಾಗಿ ಹೆಣೆದರೂ ಬಾಯಿ ತೆರೆಯೋದು ಹೇಗೆ?

ಕೋಪನ್‌ಹೇಗನ್_ಕನ್ನಡತಿ

ಎಲ್ಲರಿಗೂ ನಮಸ್ಕಾರ. ನವೆಂಬರ್ ಮುಗಿಯುತ್ತಾ ಬಂತೆಂದರೆ ಇಲ್ಲಿ ಮನೆ ಕಿಟಕಿ, ಶಾಲೆ, ಲೈಬ್ರರಿ, ಬೇಕರಿ ಎಲ್ಲ ಕಡೆ ಕೆಂಪು-ಬಿಳಿ ಕಾಗದದಲ್ಲಿ ಹೆಣೆದ ಹೃದಯಗಳು ನೇತಾಡೋಕೆ ಶುರು. ಇಲ್ಲಿನವರು ಯೂಲೆಯೆರ್ಟೆ ಅಂತಾರೆ. ದೂರದಿಂದ ಚೌಕಳಿ ಬಿಡಿಸಿದ ಚಿತ್ರ ಅನ್ನಿಸುತ್ತೆ. ಕೈಗೆ ತಗೊಂಡು ಮೇಲಿನ ಎರಡು ಗುಂಡು ಭಾಗ ಒತ್ತಿದರೆ ಬಾಯಿ ತೆರೆಯುತ್ತೆ! ಒಳಗೆ ಒಣದ್ರಾಕ್ಷಿ, ಬಾದಾಮಿ, ಪುಟ್ಟ ಬಿಸ್ಕತ್ತು ಹಾಕಿ ಕ್ರಿಸ್ಮಸ್ ಮರಕ್ಕೆ ತೂಗುಹಾಕ್ತಾರೆ. ಅಂಟು ಇಲ್ಲ, ಪಿನ್ ಇಲ್ಲ. ಹಿಡಿಗೆ ಮಾತ್ರ ಒಂದು ಚುಕ್ಕೆ ಗೋಂದು.

ನಮ್ಮ ಕನ್ನಡ ಕೂಟದ ಮಕ್ಕಳಿಗೆ ಡಿಸೆಂಬರ್‌ನಲ್ಲಿ ಇದನ್ನು ಹೇಳಿಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಮಕ್ಕಳ ವಯಸ್ಸು ಐದರಿಂದ ಹನ್ನೆರಡು. ಇರೋದು ಒಂದು ಗಂಟೆ. ಎರಡು ಸಹಾಯ ಬೇಕು. ಹೆಣಿಗೆಯ ಗುಟ್ಟನ್ನು ಯಾರಾದರೂ ಸರಿಯಾಗಿ ಕನ್ನಡದಲ್ಲಿ ಬಿಡಿಸಿ ಹೇಳಿ. ವಿಡಿಯೋದಲ್ಲಿ ಕೈ ಎಷ್ಟು ಬೇಗ ಓಡುತ್ತೆ ಅಂದರೆ ಏನಾಯಿತು ಅಂತಲೇ ಗೊತ್ತಾಗಲ್ಲ. ಇನ್ನೊಂದು, ಮಕ್ಕಳು ಇದರ ಕಥೆ ಕೇಳೇ ಕೇಳ್ತಾರೆ. "ಇದನ್ನು ಕಂಡುಹಿಡಿದದ್ದು ನಮ್ಮ ಆಂಡರ್ಸನ್" ಅಂತ ಇಲ್ಲಿ ಸಿಕ್ಕವರೆಲ್ಲ ಹೇಳ್ತಾರೆ, ಮಕ್ಕಳ ಕಥೆಗಳ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ನಿಜವಾ?

ಕತ್ತರಿ_ಮೇಷ್ಟ್ರು

ನಾನು ಶಿವಮೊಗ್ಗ ಕಡೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮಗಳ ಮನೆಗೆಂದು ಆರ್ಹುಸ್‌ಗೆ ಬಂದಾಗ ಈ ಹುಚ್ಚು ಹಿಡಿಯಿತು. ಬರೆಯುತ್ತೇನೆ ತಾಯಿ, ನಿಧಾನವಾಗಿ ಓದಿ.

ಮೊದಲು ಅಳತೆ. ಹೃದಯ ಅಂದರೆ ಒಂದು ಚೌಕ, ಅದರ ಎರಡು ಬದಿಗೆ ಎರಡು ಅರ್ಧವೃತ್ತ, ಅಷ್ಟೇ. ಹಾಗಾಗಿ ಪ್ರತಿ ತುಂಡಿನ ಉದ್ದ ಅಗಲದ ಮೂರು ಪಟ್ಟು ಇರಬೇಕು. ಎ4 ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಅಡ್ಡ ಅಳತೆ 21 ಸೆಂಟಿಮೀಟರ್, ಅದರ ಮೂರನೇ ಒಂದು ಪಾಲು 7. ಉದ್ದ 29.7 ಇರುವುದರಿಂದ 7 ಸೆಂ.ಮೀ. ಅಗಲದ ನಾಲ್ಕು ತುಂಡು ಬರುತ್ತವೆ, ಅಂಚಿನಲ್ಲಿ ಚೂರು ಉಳಿಯುತ್ತದೆ. ಒಂದು ಕೆಂಪು ಹಾಳೆ, ಒಂದು ಬಿಳಿ ಹಾಳೆ, ನಾಲ್ಕು ಹೃದಯ.

7 × 21ರ ತುಂಡನ್ನು ನಡುವೆ ಮಡಿಸಿ, 7 × 10.5 ಆಗುತ್ತದೆ. ಒಂದು ತುದಿ ಮಡಿಕೆ, ಇನ್ನೊಂದು ತೆರೆದದ್ದು. ತೆರೆದ ತುದಿಯನ್ನು ಅರ್ಧವೃತ್ತವಾಗಿ ಕತ್ತರಿಸಿ (ಮನೆಯಲ್ಲಿ ಅಷ್ಟಗಲದ ಲೋಟವೋ ಡಬ್ಬಿಯ ಮುಚ್ಚಳವೋ ಇದ್ದರೆ ಇಟ್ಟು ಗೆರೆ ಎಳೆಯಿರಿ). ಮಡಿಕೆಯ ಕಡೆಯಿಂದ ಒಳಕ್ಕೆ ಸೀಳು ಹಾಕಬೇಕು. ಸೀಳಿನ ಉದ್ದ ಅಗಲದಷ್ಟೇ, ಜೊತೆಗೆ ಎರಡು-ಮೂರು ಮಿಲಿಮೀಟರ್ ಹೆಚ್ಚು. ಈ ಎರಡು-ಮೂರು ಮಿಲಿಮೀಟರ್ ಬಿಟ್ಟರೆ ಕೊನೆಯ ಪಟ್ಟಿ ಕೂರುವುದಿಲ್ಲ, ಬಲವಂತ ಮಾಡಿದರೆ ಸೀಳಿನ ಬುಡ ಹರಿಯುತ್ತದೆ. ಕಾಗದ ದಪ್ಪ ಇದ್ದಷ್ಟೂ ಇದು ಜಾಸ್ತಿ ಬೇಕು. ಚಿಕ್ಕ ಮಕ್ಕಳಿಗೆ ಎರಡು ಸೀಳು ಸಾಕು, ಮೂರು ಪಟ್ಟಿ ಬರುತ್ತದೆ. ದೊಡ್ಡವರಿಗೆ ಮೂರು ಸೀಳು, ನಾಲ್ಕು ಪಟ್ಟಿ. ಕೆಂಪು, ಬಿಳಿ ಎರಡನ್ನೂ ಮಡಿಸಿ ಒಂದರ ಮೇಲೊಂದಿಟ್ಟು ಕ್ಲಿಪ್ ಹಾಕಿ ಒಟ್ಟಿಗೇ ಸೀಳಿ. ಬೇರೆಬೇರೆ ಸೀಳಿದರೆ ಅಳತೆ ಹೊಂದುವುದಿಲ್ಲ.

ಈಗ ಗುಟ್ಟು. ಮಡಿಸಿದ್ದರಿಂದ ಒಂದೊಂದು ಪಟ್ಟಿಯೂ ಎರಡು ಪದರ. ಚಾಪೆಯಲ್ಲಾದರೆ ಪಟ್ಟಿ ಒಂದರ ಮೇಲೆ, ಮುಂದಿನದರ ಕೆಳಗೆ ಹೋಗುತ್ತದೆ. ಇಲ್ಲಿ ಮೇಲೆ-ಕೆಳಗೆ ಎಂಬುದೇ ಇಲ್ಲ. ಇರುವುದು ಒಳಗೆ-ಹೊರಗೆ. ದಿಂಬು ಕವರಿನೊಳಗೆ ಹೋದಂತೆ ಒಂದು ಪಟ್ಟಿ ಇನ್ನೊಂದರ ಎರಡು ಪದರದ ನಡುವೆ ತೂರಬೇಕು, ಅದಾದ ಮೇಲಿನದಕ್ಕೆ ತಾನೇ ಕವರಾಗಬೇಕು.

ಎಡಗೈಯಲ್ಲಿ ಬಿಳಿ, ಬಲಗೈಯಲ್ಲಿ ಕೆಂಪು. ಮಡಿಕೆಯ ತುದಿಗಳು ಕೆಳಗೆ ಒಂದಕ್ಕೊಂದು ಎದುರಾಗಿ, ಗುಂಡು ತುದಿಗಳು ಮೇಲೆ ದೂರದೂರ. ಕೆಂಪಿನ ಮೇಲಿನ ಪಟ್ಟಿಯನ್ನು ಬಿಳಿಯ ಮೊದಲ ಪಟ್ಟಿಯ ಒಳಗೆ ತೂರಿಸಿ. ಎರಡನೇ ಬಿಳಿ ಪಟ್ಟಿಯನ್ನು ಕೆಂಪಿನೊಳಗೆ ತೂರಿಸಿ. ಮೂರನೆಯದರಲ್ಲಿ ಮತ್ತೆ ಕೆಂಪು ಒಳಗೆ. ಸಾಲು ಮುಗಿದ ಮೇಲೆ ಮೆಲ್ಲಗೆ ಮೇಲಕ್ಕೆ ಜಾರಿಸಿ ಕೂರಿಸಿ. ಎರಡನೇ ಕೆಂಪು ಪಟ್ಟಿಗೆ ಎಲ್ಲ ತಿರುವುಮುರುವು, ಮೊದಲು ಬಿಳಿ ಕೆಂಪಿನೊಳಗೆ, ಆಮೇಲೆ ಕೆಂಪು ಬಿಳಿಯೊಳಗೆ. ಹೀಗೇ ಕೊನೆಯವರೆಗೆ.

ಕೊನೆಯ ಪಟ್ಟಿ ಎಲ್ಲರನ್ನೂ ಸತಾಯಿಸುತ್ತದೆ. ಅದನ್ನು ಎಳೆಯಲು ಹೋಗಬೇಡಿ. ಹಿಂದಿನ ಪಟ್ಟಿಗಳನ್ನು ಚೂರು ಕೆಳಗೆ ಸಡಿಲಿಸಿ, ಜಾಗ ಮಾಡಿಕೊಟ್ಟು ತೂರಿಸಿ, ಆಮೇಲೆ ಎಲ್ಲವನ್ನೂ ಸೇರಿಸಿ ಮೇಲಕ್ಕೆ ತಳ್ಳಿ.

ಧಾರವಾಡದಾಕಿ

ಮೇಷ್ಟ್ರ, ಭಾಳ ಚಲೋ ಬರದೀರಿ. ಓದಕೋಂತ ಇಲ್ಲೇ ಹಳೇ ಕ್ಯಾಲೆಂಡರ್ ಹಾಳಿ ಕತ್ತರಿಸಿ ಮಾಡಿದೆ. ಅರ್ಧಾ ಬಾಯಿ ತಗೀತದ, ಇನ್ನರ್ಧಾ ಒಲ್ಲೆ ಅಂತದ. ನೋಡಾಕ ಮಾತ್ರ ಎಲ್ಲಾ ಸರೀನ ಕಾಣ್ತದ. ಎಲ್ಲಿ ತಪ್ಪೇದ ಅಂತ ಬಿಚ್ಚದ ಹುಡುಕೂದು ಹ್ಯಾಂಗ್ರಿ?

ಕತ್ತರಿ_ಮೇಷ್ಟ್ರು

ತಿರುಗಿಸಿ ಹಿಂದುಗಡೆ ನೋಡಿ ಅಕ್ಕಾರ.

ಈ ಹೆಣಿಗೆಯ ಲಕ್ಷಣವೇ ಅದು. ಕೆಂಪು ಹೊರಗಿದ್ದು ಬಿಳಿ ಒಳಗಿದ್ದರೆ ಆ ಮನೆ ಮುಂದೆಯೂ ಕೆಂಪು, ಹಿಂದೆಯೂ ಕೆಂಪು. ಕೆಂಪು ಎರಡೂ ಕಡೆಯಿಂದ ಬಿಳಿಯನ್ನು ಮುಚ್ಚಿರುತ್ತದೆ. ಚಾಪೆ ಹೆಣಿಗೆಯಲ್ಲಿ ಮುಂದೆ ಕೆಂಪಿದ್ದರೆ ಅದೇ ಜಾಗದ ಹಿಂದೆ ಬಿಳಿ. ಆದ್ದರಿಂದ ಒಂದೊಂದೇ ಮನೆಯನ್ನು ಬೆರಳಲ್ಲಿ ಹಿಡಿದು ಮುಂದೆ ಹಿಂದೆ ನೋಡುತ್ತ ಹೋಗಿ. ಎಲ್ಲಿ ಬಣ್ಣ ಬೇರೆ ಬರುತ್ತದೋ ಅಲ್ಲಿ ಕೈ ಅಭ್ಯಾಸಬಲದಿಂದ ಚಾಪೆ ಹೆಣೆದಿದೆ. ಆ ಒಂದು ಮನೆ ಮುಂದಿನ ಗೋಡೆಯನ್ನೂ ಹಿಂದಿನ ಗೋಡೆಯನ್ನೂ ಸೇರಿಸಿ ಹೊಲಿದುಬಿಟ್ಟಿರುತ್ತದೆ, ಅದಕ್ಕೇ ಬಾಯಿ ತೆರೆಯುವುದಿಲ್ಲ.

ನಮ್ಮ ಕಡೆ ಚಾಪೆ, ಈಚಲ ಬುಟ್ಟಿ, ವೈರ್ ಬ್ಯಾಗು ಹೆಣೆದು ಪಳಗಿದವರಿಗೇ ಇದು ಹೆಚ್ಚು ಕಷ್ಟ. ಏನೂ ಗೊತ್ತಿಲ್ಲದ ಮಕ್ಕಳು ಬೇಗ ಕಲಿಯುತ್ತಾರೆ.

ಧಾರವಾಡದಾಕಿ

ಸಿಕ್ತು ಸಿಕ್ತು! ನಡುವಿನ ಒಂದ ಮನಿ ಕೈಕೊಟ್ಟಿತ್ತು.

ಕಥೆಗಾರ_ಕಟ್ಟೆ

ಆಂಡರ್ಸನ್ ವಿಚಾರಕ್ಕೆ ಬರೋಣ. ಕನ್ನಡತಿಯವರೇ, ಧೈರ್ಯವಾಗಿ ಹೇಳಿ, ಅವನೇ ಮಾಡಿದ್ದು. ಒಡೆನ್ಸೆಯ ಬಡ ಚಮ್ಮಾರನ ಮಗ, 1805ರಲ್ಲಿ ಹುಟ್ಟಿದವನು. ಕಥೆ ಹೇಳುತ್ತಾ ಹೇಳುತ್ತಾ ದೊಡ್ಡ ಕತ್ತರಿ ಹಿಡಿದು ಕಾಗದ ಮಡಿಸಿ ಕತ್ತರಿಸುತ್ತಿದ್ದನಂತೆ. ಕಥೆ ಮುಗಿಯುವ ಹೊತ್ತಿಗೆ ಕಾಗದ ಬಿಡಿಸಿದರೆ ಹಂಸ, ನರ್ತಕಿಯರು, ಕೋಟೆ, ಗಾಳಿಯಂತ್ರದ ಹೊಟ್ಟೆಯ ಮನುಷ್ಯ! ಆ ಕತ್ತರಿ ಚಿತ್ರಗಳು ಒಡೆನ್ಸೆಯ ಮ್ಯೂಸಿಯಂನಲ್ಲಿ ರಾಶಿ ರಾಶಿ ಇವೆ. ಇವತ್ತಿಗೆ ಉಳಿದಿರುವ ಅತಿ ಹಳೆಯ ಹೆಣೆದ ಹೃದಯವೂ ಅವನ ಕೈಯದ್ದೇ, 1860ರದ್ದು. ಮಾಡಿದ್ದು ಮಟಿಲ್ಡ ಆರ್ಸ್ಟೆಡ್ ಎಂಬಾಕೆಗೆ. ಹೈಸ್ಕೂಲಿನಲ್ಲಿ ವಿದ್ಯುತ್ ಹರಿದಾಗ ದಿಕ್ಸೂಚಿ ಮುಳ್ಳು ತಿರುಗುವ ಪ್ರಯೋಗ ಓದಿದ್ದೇವಲ್ಲ, 1820ರದ್ದು, ಆ ಆರ್ಸ್ಟೆಡ್‌ನ ಮಗಳು. ಆಂಡರ್ಸನ್‌ಗೂ ಆ ಮನೆಗೂ ಬಹಳ ಬಳಕೆ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಹಳೇ_ಕಡತ

ಸ್ವಲ್ಪ ತಡೆಯಿರಿ ಸ್ವಾಮಿ. "ಉಳಿದಿರುವುದರಲ್ಲಿ ಅತಿ ಹಳೆಯದು ಇವನದು" ಎನ್ನುವುದಕ್ಕೂ "ಮೊದಲು ಮಾಡಿದವನು ಇವನು" ಎನ್ನುವುದಕ್ಕೂ ಬಹಳ ಅಂತರ ಇದೆ. ಹಳ್ಳಿಯ ಹುಡುಗಿಯೊಬ್ಬಳು 1850ರಲ್ಲಿ ಒಂದು ಹೃದಯ ಹೆಣೆದಿದ್ದರೆ ಅದು ಜನವರಿಯಲ್ಲಿ ಒಲೆಗೆ ಹೋಗಿರುತ್ತದೆ. ಆಂಡರ್ಸನ್ ಕೊಟ್ಟದ್ದನ್ನು ಜನ ಎತ್ತಿಟ್ಟುಕೊಂಡರು, ಯಾಕೆಂದರೆ ಆಗಲೇ ಅವನು ಯುರೋಪೆಲ್ಲ ಹೆಸರಾದವನು. ಕಾಗದದಂಥ ಬಾಳಿಕೆ ಇಲ್ಲದ ವಸ್ತುವಿನ ಚರಿತ್ರೆಯಲ್ಲಿ ಯಾವಾಗಲೂ ಹೀಗೇ. ಉಳಿಯುವುದು ದೊಡ್ಡವರ ಮನೆಯದ್ದು.

ಅವನೇ 1844ರಲ್ಲಿ ಪ್ರಕಟಿಸಿದ ಫರ್ ಮರದ ಕಥೆ ಇದೆಯಲ್ಲ, ಅದರಲ್ಲಿ ಕ್ರಿಸ್ಮಸ್ ಮರದ ಸಿಂಗಾರವನ್ನು ಒಂದೊಂದಾಗಿ ಹೇಳುತ್ತಾನೆ. ಬಣ್ಣದ ಕಾಗದ ಕತ್ತರಿಸಿ ಮಾಡಿದ ಪುಟ್ಟ ಜಾಳಿಗೆ ಚೀಲಗಳು, ಅದರ ತುಂಬ ಮಿಠಾಯಿ, ಚಿನ್ನದ ಬಣ್ಣ ಬಳಿದ ಸೇಬು, ಅಕ್ರೋಟು, ಮೇಣದಬತ್ತಿ, ತುದಿಗೆ ನಕ್ಷತ್ರ. ಹೆಣೆದ ಹೃದಯದ ಸುಳಿವಿಲ್ಲ. ಅಂದರೆ ಕಾಗದದಲ್ಲಿ ಏನಾದರೊಂದು ಬುಟ್ಟಿ ಮಾಡಿ ತಿಂಡಿ ತುಂಬಿ ಮರಕ್ಕೆ ಕಟ್ಟುವ ರೂಢಿ ಹೃದಯಕ್ಕಿಂತ ಮೊದಲೇ ಇತ್ತು. ಕಾಗದದ ಶಂಕು, ನಮ್ಮಲ್ಲಿ ಕಡಲೆಕಾಯಿ ಕಟ್ಟಿಕೊಡುವ ಪೊಟ್ಟಣವೇ ಸರಿ, ಅದೂ ಡೆನ್ಮಾರ್ಕಿನ ಮರದ ಮೇಲೆ ಹಳೆಯದು, ಈಗಲೂ ಇದೆ. ಹೃದಯ ಬಂದದ್ದು ಆ ಸಾಲಿಗೆ.

ಮರವೂ ಅಲ್ಲಿ ಪುರಾತನವೇನಲ್ಲ. ಡೆನ್ಮಾರ್ಕಿನ ಮೊದಲ ಕ್ರಿಸ್ಮಸ್ ಮರ 1808ರಲ್ಲಿ ಹೋಲ್‌ಸ್ಟೈನ್‌ಬೋರ್ಗ್ ಎಂಬ ಜಮೀನ್ದಾರಿ ಬಂಗಲೆಯಲ್ಲಿ ಎನ್ನುತ್ತಾರೆ, ಕೋಪನ್‌ಹೇಗನ್ ಪೇಟೆಯಲ್ಲಿ 1811ರಲ್ಲಿ. ಜರ್ಮನಿಯ ಕಡೆಯಿಂದ ಸಿರಿವಂತರ ಮನೆಗೆ ಬಂದು, ಅಲ್ಲಿಂದ ಇಳಿದು ಜನಸಾಮಾನ್ಯರ ಮನೆ ಸೇರಲು ಹತ್ತೊಂಬತ್ತನೇ ಶತಮಾನ ಪೂರ್ತಿ ಹಿಡಿಯಿತು.

ಮಕ್ಕಳಿಗೆ ಹೇಳಬೇಕಾದರೆ ಹೀಗೆ ಹೇಳಿ: "ಆಂಡರ್ಸನ್ ತಾತ 1860ರಲ್ಲಿ ಹೆಣೆದ ಹೃದಯ ಇವತ್ತಿಗೂ ಇದೆ, ಅದಕ್ಕಿಂತ ಹಳೆಯದು ಯಾರಿಗೂ ಸಿಕ್ಕಿಲ್ಲ." ಇಷ್ಟು ಹೇಳಿದರೆ ಕಥೆಗೂ ಕೊರತೆ ಇಲ್ಲ, ಸುಳ್ಳೂ ಆಗುವುದಿಲ್ಲ.

ಕಥೆಗಾರ_ಕಟ್ಟೆ

ಒಪ್ಪಿದೆ, ಅರೆಮನಸ್ಸಿನಿಂದ.

ನಮ್ಮೂರು_ತಿಪಟೂರು

ಒಂದು ಅನುಮಾನ. ಡೇನರು ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿಕೊಂಡು ಇದ್ದವರು. ನಮ್ಮಲ್ಲಿ ತೆಂಗಿನ ಗರಿ, ತಾಳೆಗರಿಯಲ್ಲಿ ಗಿಳಿ, ಚೆಂಡು, ಗಿಲಕಿ ಹೆಣೆಯುವುದು ಹಳೇ ವಿದ್ಯೆ. ಅಲ್ಲಿಂದ ಕಲಿತು ಹೋಗಿ ಕಾಗದದಲ್ಲಿ ಮಾಡಿರಬಾರದೇಕೆ?

ಹಳೇ_ಕಡತ

ಆಸೆಯೇನೋ ಚೆನ್ನಾಗಿದೆ! ತರಂಗಂಬಾಡಿ 1620ರಿಂದ ಡೇನರದ್ದು, ಬಂಗಾಳದ ಸೆರಾಂಪುರ ಆಮೇಲೆ ಬಂತು. ಎರಡನ್ನೂ 1845ರಲ್ಲಿ ಇಂಗ್ಲಿಷರಿಗೆ ಮಾರಿ ಕೈತೊಳೆದುಕೊಂಡರು. ಇನ್ನೂರು ಚಿಲ್ಲರೆ ವರ್ಷ ಅವರು ಅಲ್ಲಿದ್ದಾಗ ಈ ಹೃದಯದ ಸುದ್ದಿ ಡೆನ್ಮಾರ್ಕಿನಲ್ಲಿ ಕಾಣುವುದಿಲ್ಲ. ಅವರು ಜಾಗ ಖಾಲಿ ಮಾಡಿ ಹದಿನೈದು ವರ್ಷಕ್ಕೆ ಮೊದಲ ಹೃದಯ ಸಿಗುತ್ತದೆ, ಅದೂ ಸಾಹಿತಿಯೊಬ್ಬನ ಗೆಳೆಯರ ಮನೆಯಲ್ಲಿ. ಗರಿಯ ಹೆಣಿಗೆಯಲ್ಲಿ ಒಂದೇ ಪದರದ ಗರಿ ಮೇಲೆ-ಕೆಳಗೆ ಹೋಗುತ್ತದೆ, ಮೇಷ್ಟ್ರು ಹೇಳಿದ ಒಳಗೆ-ಹೊರಗೆ ಅಲ್ಲ. ನಂಟು ಕಟ್ಟಲು ನೂಲೇ ಸಿಗದು.

ಬಾಲವಾಡಿ_ಟೀಚರ್

ನಂಟು ಬೇಕಿದ್ದರೆ ನನ್ನ ಹತ್ತಿರ ಒಂದಿದೆ, ಆದರೆ ಅದು ಜರ್ಮನಿಯಿಂದ ಎರಡೂ ಕಡೆ ಹೋದದ್ದು. ನಮ್ಮ ನರ್ಸರಿ, ಎಲ್‌ಕೆಜಿಯಲ್ಲಿ ಮಕ್ಕಳ ಕೈಲಿ ಕಾಗದದ ಚಾಪೆ ಹೆಣೆಸುತ್ತೇವಲ್ಲ, ಒಂದು ಹಾಳೆಗೆ ಉದ್ದುದ್ದ ಸೀಳು ಹಾಕಿ ಬೇರೆ ಬಣ್ಣದ ಪಟ್ಟಿ ತೂರಿಸುವುದು? ಅದನ್ನು ಪಾಠದ ಕ್ರಮಕ್ಕೆ ಸೇರಿಸಿದವರು ಫ್ರೀಡ್ರಿಶ್ ಫ್ರೋಬೆಲ್. 1840ರಲ್ಲಿ ತಮ್ಮ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟವರು. ಮಡಿಸುವುದು, ಕತ್ತರಿಸುವುದು, ಹೆಣೆಯುವುದು, ಚುಚ್ಚುವುದು, ಮಣ್ಣು ಮೆತ್ತುವುದು ಎಲ್ಲವೂ ಅವರ ಕ್ರಮದಲ್ಲಿ ಇದ್ದವು. ಕೈ ಕಲಿತರೆ ತಲೆ ಕಲಿಯುತ್ತದೆ ಅನ್ನುವುದು ಅವರ ನಂಬಿಕೆ. ಪ್ರಷ್ಯಾ ಸರ್ಕಾರ 1851ರಲ್ಲಿ ಇಂಥ ಶಾಲೆಗಳನ್ನೇ ನಿಷೇಧಿಸಿತು, ಮರುವರ್ಷ ಫ್ರೋಬೆಲ್ ತೀರಿಕೊಂಡರು. ಅವರ ಶಿಷ್ಯರು ದೇಶ ದೇಶ ಸುತ್ತಿ ಹರಡಿದರು.

ಡೆನ್ಮಾರ್ಕಿನ ಶಿಶುವಿಹಾರಗಳಿಗೂ ಈ ಕ್ರಮ ಹೋಯಿತು. ಚಿಕ್ಕ ಮಕ್ಕಳ ಬೆರಳಿಗೆ ಕಸರತ್ತು ಅಂತ ಹೊಳಪು ಕಾಗದದ ಹೃದಯ ಹೆಣೆಸುವುದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಲಿ ರೂಢಿಯಾಯಿತು. ಹೃದಯ ಮನೆಮನೆ ಮುಟ್ಟಲು ಟೀಚರುಗಳೂ ಕಾರಣ ಅಂತ ನನ್ನ ವಾದ, ಆಂಡರ್ಸನ್‌ಗಿಂತ ಜಾಸ್ತಿ! ಯಾವ ಊರಾದರೇನು, ಶಾಲೆಯಲ್ಲಿ ಮಾಡಿದ್ದನ್ನು ಮಗು ಮನೆಗೆ ತಂದರೆ ಅಮ್ಮ ಗೋಡೆಗೆ ಹಾಕಲೇಬೇಕು.

ಚಾಪೆಯಿಂದ ಹೃದಯಕ್ಕೆ ಒಂದೇ ಹೆಜ್ಜೆ ಅಂತ ಮಾತ್ರ ಅಂದುಕೊಳ್ಳಬೇಡಿ. ಧಾರವಾಡದ ಅಕ್ಕ ಅನುಭವಿಸಿದರಲ್ಲ.

ಹಳೇ_ಕಡತ

ಟೀಚರ್ ಮಾತು ಸರಿ. ಅದಕ್ಕೆ ಇನ್ನೊಂದು ಎಳೆ ಸೇರಿಸುತ್ತೇನೆ. 1864ರಲ್ಲಿ ಡೆನ್ಮಾರ್ಕ್ ಪ್ರಷ್ಯಾ ಮತ್ತು ಆಸ್ಟ್ರಿಯಾ ಕೈಲಿ ಯುದ್ಧ ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಪ್ರಾಂತ್ಯಗಳನ್ನು ಕಳೆದುಕೊಂಡಿತು. ನೆಲ ಹೋದ ಮೇಲೆ ಉಳಿದ ದೇಶವನ್ನಾದರೂ ಗಟ್ಟಿ ಮಾಡಿಕೊಳ್ಳೋಣ ಎಂಬ ಹಟ ಬಂತು. ರೈತರ ಮಕ್ಕಳಿಗೆ ಜನತಾ ಶಾಲೆಗಳು, ಸಹಕಾರಿ ಹಾಲಿನ ಡೇರಿಗಳು, ಜೊತೆಗೆ ಮನೆಗೆಲಸದ ಕುಶಲಕಲೆ. ಎನ್. ಸಿ. ರೋಮ್ ಎಂಬವರು 1873ರಲ್ಲಿ ಗೃಹಕೈಗಾರಿಕೆ ಸಂಘ ಕಟ್ಟಿದರು. ಚಳಿಗಾಲದ ಉದ್ದನೆ ರಾತ್ರಿಗಳಲ್ಲಿ ಸುಮ್ಮನೆ ಕೂರುವ ಬದಲು ಕೈಲಿ ಏನಾದರೂ ಮಾಡಿ ಎಂಬುದು ಅದರ ಧೋರಣೆ. ಹೃದಯ ಹೆಣೆಯುವ ಕ್ರಮ ಅಚ್ಚಿನಲ್ಲಿ ಬಂದದ್ದೂ ಆ ದಶಕದಲ್ಲೇ, ಇಂಥದೇ ಕರಕುಶಲ ಪತ್ರಿಕೆಯಲ್ಲಿ.

ಹಾಗಿದ್ದೂ ತಕ್ಷಣಕ್ಕೆ ಎಲ್ಲರ ಮನೆಗೆ ಬರಲಿಲ್ಲ. ಒಂದು ಮಗ್ಗುಲಿಗೆ ಬಣ್ಣ ಹೊಳಪು, ಇನ್ನೊಂದಕ್ಕೆ ಬಿಳಿ ಇರುವ ತೆಳು ಕಾಗದ ಅಗ್ಗವಾಗಿ ಅಂಗಡಿಯಲ್ಲಿ ಸಿಗಬೇಕಿತ್ತು. 1910ರ ಆಸುಪಾಸಿನಿಂದ ಇದು ಇಡೀ ದೇಶದ ರೂಢಿ. ಆ ಹೊತ್ತಿಗೆ ಮರದ ಸುತ್ತ ಪುಟ್ಟ ಪುಟ್ಟ ರಾಷ್ಟ್ರಧ್ವಜದ ಸರ ಕಟ್ಟುವುದೂ ಬಂದಿತ್ತು. ಕೆಂಪು ನೆಲದ ಮೇಲೆ ಬಿಳಿ ಶಿಲುಬೆ ಅವರ ಬಾವುಟ. ಪಕ್ಕದಲ್ಲಿ ತೂಗುವ ಹೃದಯಕ್ಕೂ ಅದೇ ಬಣ್ಣ ಅಂಟಿಕೊಂಡಿತು. ಹಸಿರು, ನೀಲಿ, ಚಿನ್ನದ ಬಣ್ಣದಲ್ಲೂ ಮಾಡುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ.

ಓಸ್ಲೋ_ಬೀದಿಯಿಂದ

ನಾರ್ವೆಯಲ್ಲೂ ಇದು ಇದೆ, ದಯವಿಟ್ಟು ಮರೆಯಬೇಡಿ. ಇಲ್ಲಿ ಯೂಲೆಕುರ್ವ್ ಅಂತಾರೆ. ಜರ್ಮನಿಯ ಉತ್ತರ ತುದಿಯಲ್ಲೂ ಮಾಡ್ತಾರೆ. ನಮ್ಮ ಆಫೀಸಿನಲ್ಲಿ "ಇದು ಡೇನರದ್ದು" ಅಂದರೆ ನಾರ್ವೆಯವರ ಮುಖ ಸಣ್ಣದಾಗುತ್ತೆ. ಮೈಸೂರುಪಾಕ್ ಮದ್ರಾಸಿನದು ಅಂತ ಯಾರಾದರೂ ಅಂದರೆ ನಮಗಾಗುವಷ್ಟೇ!

ಕುಡ್ಲ_ಕ್ರಿಸ್ಮಸ್

ಮಾರಾಯ್ರೆ, ಇಷ್ಟು ಚರಿತ್ರೆ ಹೇಳಿದಿರಿ, ಒಳಗೆ ಹಾಕುವ ತಿಂಡಿ ಬಗ್ಗೆ ಯಾರೂ ಮಾತಾಡ್ಲಿಲ್ಲ ಅಲ್ವಾ? ನಾವು ಮಂಗಳೂರಿನವರು, ಡಿಸೆಂಬರ್ ಬಂತೆಂದರೆ ಗೋದಲಿ, ನಕ್ಷತ್ರ, ಕುಸ್ವಾರ್ (ನಮ್ಮ ಕ್ರಿಸ್ಮಸ್ ತಿಂಡಿಗಳು). ಹೋದ ವರ್ಷ ಮಕ್ಕಳು ಇಂಟರ್ನೆಟ್ ನೋಡಿ ಈ ಹೃದಯ ಮಾಡಿದ್ರು, ಅದಕ್ಕೆ ಕುಸ್ವಾರ್ ತುಂಬಿಸಿ ನೆರೆಮನೆಗೆ ಹಂಚಿದ್ದು. ಡೇನರು ಹಾಕುವ ಪೇಬರ್‌ನೊಡರ್ ಅಂದ್ರೆ ಕಡಲೆ ಗಾತ್ರಕ್ಕಿಂತ ತುಸು ದೊಡ್ಡ ಉರುಟು ಬಿಸ್ಕತ್ತು, ಏಲಕ್ಕಿ ದಾಲ್ಚಿನ್ನಿ ಎಲ್ಲ ಉಂಟು, ಆದರೆ ಬೇಯಿಸಿದ್ದು, ಒಣ. ನಮ್ಮದು ಕರಿದದ್ದು! ಗುಳಿಯೊ, ಕಿಡಿಯೊ ಹಾಕಿ ಅರ್ಧ ಗಂಟೆಗೆ ಕಾಗದದ ಹೊಟ್ಟೆಯಲ್ಲಿ ಎಣ್ಣೆ ಕಲೆ ಎದ್ದು ಕಾಣ್ತದೆ. ಬಿಳಿ ಮನೆಗಳಲ್ಲಿ ಇನ್ನೂ ಚಂದ ಕಾಣ್ತದೆ. ಬಟರ್ ಪೇಪರ್ ತುಂಡು ಮಡಿಸಿ ಒಳಗೆ ಇಟ್ಟು ಮತ್ತೆ ಹಾಕಿ. ನೆವ್ರಿಯ (ಕರ್ಜಿಕಾಯಿ ಥರದ್ದು) ಯೋಚನೆಯೇ ಬೇಡ, 7 ಸೆಂಟಿಮೀಟರಿನ ಹೃದಯದಲ್ಲಿ ಅದು ಹಿಡಿಸುವುದಿಲ್ಲ.

ಭಾರ ಎಷ್ಟು ತಡೀತದೆ ಅಂತ ಕೇಳಿದರೆ, ಒಂದು ಮುಷ್ಟಿ. ಹೆಚ್ಚು ಹಾಕಿದರೆ ಹಿಡಿಯ ಅಂಟು ಬಿಡ್ತದೆ.

ಗಣಿತದ_ಗೀಳು

ಹೆಣಿಗೆಯ ಲೆಕ್ಕ ಇಷ್ಟವಾಯಿತು. ಸೀಳು ನೇರ ಇದ್ದರೆ ಪಟ್ಟಿಗಳ ಸಂಖ್ಯೆಯ ವರ್ಗದಷ್ಟು ಮನೆ. ನಾಲ್ಕು ಪಟ್ಟಿಗೆ 16, ಎಂಟು ಕೆಂಪು ಎಂಟು ಬಿಳಿ. ಮೂರು ಪಟ್ಟಿಗೆ 9, ಅದರಲ್ಲಿ ಒಂದು ಬಣ್ಣ ಐದು, ಇನ್ನೊಂದು ನಾಲ್ಕು. ಮೇಲಿನ ತಗ್ಗಿನಿಂದ ಕೆಳಗಿನ ಚೂಪಿನವರೆಗೆ ನಡುಗೆರೆಯ ಮೇಲೆ ಬರುವ ಮನೆಗಳು ಯಾವಾಗಲೂ ಒಂದೇ ಬಣ್ಣ, ಗಮನಿಸಿ. ಅಲ್ಲಿ ಎರಡು ಬಣ್ಣ ಕಂಡರೆ ಎಲ್ಲೋ ಸಾಲು ತಪ್ಪಿದೆ. ಹೆಣೆದ ಚೌಕ ಎಡ-ಬಲ ಒಂದೇ ಥರ ಕಾಣುವುದೂ ಇದರಿಂದಲೇ.

ಬೆಸ ಸಂಖ್ಯೆಯ ಪಟ್ಟಿ ಇದ್ದರೆ ಎಡ-ಬಲ ಮೂಲೆಯ ಮನೆಗಳೂ ನಡುಗೆರೆಯ ಬಣ್ಣವೇ. ಸಮ ಸಂಖ್ಯೆಯಾದರೆ ಮೂಲೆಗೆ ಎದುರು ಬಣ್ಣ. ಇಂಥ ಬಣ್ಣವೇ ನಡುವೆ ಬರಬೇಕು ಅಂತಿದ್ದರೆ ಮೊಟ್ಟಮೊದಲ ತೂರಿಕೆಯಲ್ಲೇ ತೀರ್ಮಾನ ಮಾಡಿ: ಮೊದಲ ಮನೆಯಲ್ಲಿ ಹೊರಗಿದ್ದ ಬಣ್ಣವೇ ನಡುಗೆರೆಯ ಬಣ್ಣ.

ಇನ್ನೊಂದು. ಒಂದು ಬಿಟ್ಟು ಒಂದು ಎಂಬ ಕ್ರಮ ಇರಲೇಬೇಕು ಅಂತೇನಿಲ್ಲ. ಪ್ರತಿ ಮನೆಯಲ್ಲೂ ಒಂದು ಪಟ್ಟಿ ಇನ್ನೊಂದರ ಒಳಗಿದ್ದರೆ ಸಾಕು, ಬಾಯಿ ತೆರೆಯುತ್ತದೆ. ಹಾಗಾಗಿ ಪಟ್ಟಿ ಹೆಚ್ಚು ಮಾಡಿ, ಯಾವ ಮನೆ ಕೆಂಪು ಯಾವುದು ಬಿಳಿ ಅಂತ ಚೌಕದ ಹಾಳೆಯಲ್ಲಿ ಮೊದಲೇ ಬರೆದುಕೊಂಡು ಅಕ್ಷರವನ್ನೇ ಮೂಡಿಸಬಹುದು. ನಡುವೆ ಒಂದೇ ಬಣ್ಣದ ಸಾಲು ಉದ್ದವಾದಷ್ಟೂ ಹೆಣಿಗೆ ಸಡಿಲ. ಹಿಂದಿನಿಂದ ನೋಡಿದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಅದಕ್ಕೆ ಔಷಧಿ ಇಲ್ಲ. ಎಡ-ಬಲ ಸಮವಾಗಿರುವ ಅಕ್ಷರ ಆರಿಸಿಕೊಳ್ಳಬೇಕು. ಕನ್ನಡದಲ್ಲಿ 'ಠ' ಬಿಟ್ಟರೆ ಹುಡುಕಾಟವೇ!

ನಮ್ಮೂರು_ತಿಪಟೂರು

'ಠ' ಬರೆದ ಹೃದಯ ಯಾರಿಗೆ ಕೊಡೋದು ಸಾರ್?

ಕತ್ತರಿ_ಮೇಷ್ಟ್ರು

ಅಕ್ಷರಕ್ಕಿಂತ ಸೊಗಸು ಬಾಗಿದ ಸೀಳಿನಲ್ಲಿದೆ. ಡೇನರ ಪಳಗಿದ ಕೈಗಳು ನೇರ ಸೀಳಿಗೆ ನಿಲ್ಲುವುದಿಲ್ಲ. ಸೀಳನ್ನು ಬಿಲ್ಲಿನಂತೆ ಬಾಗಿಸಿದರೆ ಎರಡು ಬಾಗು ಅಡ್ಡ ಸೇರುವಲ್ಲಿ ಚೌಕದ ಬದಲು ಎಸಳು ಮೂಡುತ್ತದೆ. ಲೆಕ್ಕ ಹಾಕಿ ಬಾಗಿಸಿದರೆ ದೊಡ್ಡ ಹೃದಯದೊಳಗೆ ಪುಟ್ಟ ಹೃದಯ, ನಕ್ಷತ್ರ, ಹೂವು. ಎರಡೂ ತುಂಡಿನ ಸೀಳು ಒಂದಕ್ಕೊಂದು ಕನ್ನಡಿಬಿಂಬ ಆಗಿರಬೇಕು. ಅದಕ್ಕೆ ಕಷ್ಟವಿಲ್ಲ. ಬಣ್ಣದ ಮಗ್ಗುಲು ಹೊರಗೆ ಬರುವಂತೆ ಮಡಿಸಿದ ತುಂಡಿಗೆ ಹಿಂದೆ ಮುಂದೆ ಎರಡೂ ಬಣ್ಣವೇ, ಒಂದನ್ನು ಮಗುಚಿದರೆ ಆಯಿತು. ಹಾಗಾಗಿ ಬಾಗು ಸೀಳನ್ನೂ ಎರಡು ತುಂಡು ಜೋಡಿಸಿ ಒಟ್ಟಿಗೇ ಕತ್ತರಿಸಬಹುದು.

ಹೆಣೆಯುವಾಗ ಮಾತ್ರ ತಾಳ್ಮೆ ಬೇಕು. ಪಟ್ಟಿ ಒಂದು ಕಡೆ ಸಪುರ, ಇನ್ನೊಂದು ಕಡೆ ಅಗಲ ಇರುವುದರಿಂದ ಅಗಲದ ಭಾಗ ಸಪುರದೊಳಗೆ ಹಾದುಹೋಗುವಾಗ ಕಾಗದವನ್ನು ಉದ್ದಕ್ಕೆ ಸ್ವಲ್ಪ ಸುರುಳಿ ಮಾಡಿ ತೂರಿಸಿ, ಆಚೆ ಬಂದ ಮೇಲೆ ಬಿಡಿಸಬೇಕು. ಉಗುರು ತಾಕಿದರೆ ಹೊಳಪು ಕಾಗದದಲ್ಲಿ ಬಿಳಿ ಗೀರು ಬೀಳುತ್ತದೆ, ಹೋಗುವುದಿಲ್ಲ. ನನ್ನ ಕೈ ಈಗ ನಡುಗುವುದರಿಂದ ಅಂಥದ್ದನ್ನು ಮಗಳಿಗೆ ಬಿಟ್ಟುಕೊಟ್ಟಿದ್ದೇನೆ.

ಅಂಚೆಚೀಟಿ_ಅಣ್ಣ

ವಿಷಯಾಂತರಕ್ಕೆ ಕ್ಷಮೆ ಇರಲಿ. ಡೆನ್ಮಾರ್ಕಿನ ಕ್ರಿಸ್ಮಸ್ ಕಾಗದ ಅಂದಮೇಲೆ ಇದನ್ನು ಹೇಳದೆ ಇರಲಾರೆ. ಕ್ರಿಸ್ಮಸ್ ಸೀಲ್ ಹುಟ್ಟಿದ್ದೂ ಅಲ್ಲೇ, 1904ರಲ್ಲಿ, ಐನಾರ್ ಹೊಲ್‌ಬೋಲ್ ಎಂಬ ಅಂಚೆ ನೌಕರನ ತಲೆಯಿಂದ. ಹಬ್ಬದ ಪತ್ರಕ್ಕೆ ಸ್ಟಾಂಪಿನ ಜೊತೆ ಒಂದು ಅಗ್ಗದ ಚೀಟಿ ಅಂಟಿಸಿ, ಆ ದುಡ್ಡನ್ನು ಕ್ಷಯದ ಮಕ್ಕಳ ಆಸ್ಪತ್ರೆಗೆ ಕೊಡಿ ಎಂದ. ನಮ್ಮ ಶಾಲೆಗಳಲ್ಲಿ ಅಕ್ಟೋಬರ್ ಬಂದರೆ ಟಿ.ಬಿ. ಸೀಲ್ ಕೊಳ್ಳಲು ಮನೆಯಲ್ಲಿ ಚಿಲ್ಲರೆ ಕೇಳುತ್ತಿದ್ದೆವಲ್ಲ, ಅದು ಅದೇ ವಂಶದ್ದು.

ಕೋಪನ್‌ಹೇಗನ್_ಕನ್ನಡತಿ

ಅಬ್ಬಾ, ಕೇಳಿದ್ದು ಹಿಡಿಯಷ್ಟು, ಸಿಕ್ಕಿದ್ದು ಮೂಟೆ. ಮೇಷ್ಟ್ರೇ, ನೀವು ಬರೆದ ಹಾಗೇ ಮಾಡಿದೆ, ಬಾಯಿ ತೆರೆಯಿತು. ಮಕ್ಕಳ ದಿನಕ್ಕೆ ಹೀಗೆ ಅಂದುಕೊಂಡಿದ್ದೇನೆ: ಐದಾರು ವರ್ಷದವರಿಗೆ ಅಗಲ 10 ಸೆಂಟಿಮೀಟರ್, ಎರಡು ಸೀಳು, ನಾನೇ ಕತ್ತರಿಸಿ ಕೊಡ್ತೀನಿ. ದೊಡ್ಡವರು ಎ4ರಲ್ಲಿ ತಾವೇ ಅಳೆದು ಮಾಡಲಿ. ಎಂಟು ವರ್ಷ ದಾಟಿದ ಒಬ್ಬೊಬ್ಬರನ್ನು ಚಿಕ್ಕವರ ಪಕ್ಕ ಕೂರಿಸ್ತೀನಿ. ಹಿಂದೆ-ಮುಂದೆ ಬಣ್ಣ ನೋಡುವ ಉಪಾಯವನ್ನು ಮೊದಲೇ ಹೇಳಿಬಿಡ್ತೀನಿ, ತಪ್ಪು ಹುಡುಕೋದೇ ಅವರಿಗೆ ಆಟ.

ಎರಡು ಚಿಲ್ಲರೆ ಪ್ರಶ್ನೆ. ಬೆಂಗಳೂರಿನಿಂದ ಬರುವ ನಮ್ಮತ್ತೆ ಕೈಲಿ ಕಾಗದ ತರಿಸಬಹುದಾ, ಇಲ್ಲಿ ಹೊಳಪು ಕಾಗದ ದುಬಾರಿ. ಮತ್ತೆ ಹಿಡಿ ಎಲ್ಲಿಗೆ ಅಂಟಿಸಬೇಕು, ಒಳಗಾ ಹೊರಗಾ?

ಬಾಲವಾಡಿ_ಟೀಚರ್

ಸ್ಟೇಷನರಿ ಅಂಗಡಿಯಲ್ಲಿ ಗ್ಲೇಸ್ ಪೇಪರ್ ಅಂತ ಕೇಳಲಿ, ಕ್ರಾಫ್ಟ್ ಕ್ಲಾಸಿಗೆ ಮಕ್ಕಳು ಕೊಳ್ಳೋದು. ಒಂದು ಮಗ್ಗುಲು ಬಣ್ಣ, ಇನ್ನೊಂದು ಬಿಳಿ, ಡೇನರ ಕಾಗದದ ತಂಗಿಯೇ. ಮರೆತು ಚಾರ್ಟ್ ಪೇಪರ್ ತಂದರೆ ದಪ್ಪ, ಗಾಳಿಪಟದ ಕಾಗದ ತಂದರೆ ಮುಟ್ಟಿದರೆ ಹರಿಯುತ್ತೆ. ಏನೂ ಸಿಗದಿದ್ದರೆ ಪ್ರಿಂಟರಿಗೆ ಹಾಕುವ ಬಣ್ಣದ ಎ4 ಹಾಳೆ, 80 ಜಿಎಸ್‌ಎಂ. ಕಲಿಯೋರಿಗೆ ಅದೇ ವಾಸಿ, ಜಾರೋದಿಲ್ಲ. ಅತ್ತೆಯವರಿಗೆ ಸುರುಳಿ ಸುತ್ತಿ ತರಲು ಹೇಳಿ, ಮಡಿಸಿದರೆ ಗೆರೆ ಉಳಿಯುತ್ತೆ.

ಕತ್ತರಿ_ಮೇಷ್ಟ್ರು

ಹಿಡಿ ಒಳಗೆ. 1 ಸೆಂಟಿಮೀಟರ್ ಅಗಲ, 18ರಿಂದ 20 ಉದ್ದದ ಪಟ್ಟಿ. ಒಂದು ತುದಿ ಮುಂದಿನ ಗೋಡೆಯ ಒಳಮೈಗೆ, ಇನ್ನೊಂದು ಹಿಂದಿನದಕ್ಕೆ, ಎರಡೂ ನಡುವಿನ ತಗ್ಗಿನ ಹತ್ತಿರ. ಎರಡು ತುದಿಯನ್ನೂ ಒಂದೇ ಗೋಡೆಗೆ ಅಂಟಿಸಿದರೆ ತೂಗಿದಾಗ ಬಾಯಿ ಒಂದು ಕಡೆ ಜೋಲುತ್ತದೆ, ತಿಂಡಿ ಚೆಲ್ಲುತ್ತದೆ. ಗೋಂದು ಪೂರ್ತಿ ಒಣಗಿದ ಮೇಲೇ ಮಕ್ಕಳ ಕೈಗೆ ಕೊಡಿ.

ಧಾರವಾಡದಾಕಿ

ನಂದೂ ಮುಗೀತ್ರಿ. ಕೆಂಪು-ಬಿಳಿ ಸಿಗಲಿಲ್ಲ, ಅರಿಶಿಣ-ಕುಂಕುಮದ ಬಣ್ಣದಾಗ ಮಾಡೇನಿ. ಒಳಗ ಕುಸುರೆಳ್ಳು ಹಾಕಿದ್ರ ಹಿಡಸ್ತದೇನು ಅಂತ ನೋಡಬೇಕು, ಸಂಕ್ರಾಂತಿಗೆ ಹಂಚಾಕ. ಅದು ಕರಿದದ್ದಲ್ಲ ಬಿಡ್ರಿ, ಎಣ್ಣಿ ಕಲೀ ಆಗೂದಿಲ್ಲ.

ಕುಡ್ಲ_ಕ್ರಿಸ್ಮಸ್

ಹಿಡಿಸ್ತದೆ ಅಕ್ಕ, ಆದರೆ ಕುಸುರೆಳ್ಳು ಸಣ್ಣ ಅಲ್ವಾ, ಚೂಪಿನ ಮೂಲೆಯಲ್ಲಿ ಸಂದು ಇದ್ದರೆ ಉದುರ್ತದೆ. ಪಟ್ಟಿಗಳನ್ನು ಸರೀ ಮೇಲೆ ತಳ್ಳಿ ಬಿಗಿ ಮಾಡಿ ನೋಡಿ. ಮತ್ತೂ ಉದುರಿದರೆ ಬಟರ್ ಪೇಪರೇ ಗತಿ.